ಪರದೆ ಒಪ್ಪುವುದಿಲ್ಲ

ಒಂದು ವೇಳೆ ತಪ್ಪು ತನ್ನದೇ ಆಗಿದ್ದರೆ?

ಗೋಡೆಯುದ್ದಕ್ಕೂ ಉರಿಯುತ್ತಿದ್ದ ಮಾನಿಟರುಗಳ ಮುಂದೆ ನಿಂತ ಚೇತನಕುಮಾರನಿಗೆ ಬೇರೇನೂ ಹೊಳೆಯುತ್ತಿರಲಿಲ್ಲ. ಎಲ್ಲ ಪರದೆಗಳ ಮೇಲೂ ಒಂದೇ ಗಿಳಿ ರೆಕ್ಕೆ ಬಿಚ್ಚುತ್ತಿತ್ತು. ಆದರೆ ಒಂದೊಂದು ಪರದೆಯಲ್ಲಿ ಅದು ಒಂದೊಂದು ಹಸಿರು. ಒಂದರಲ್ಲಿ ಈಗಷ್ಟೇ ಬಣ್ಣ ಬಳಿದಂತಿದ್ದರೆ ಇನ್ನೊಂದರಲ್ಲಿ ಧೂಳು ಕೂತ ಎಲೆಯಂತೆ. ಹಾಗಾದರೆ ಇಷ್ಟು ದಿನ ತನ್ನ ಹಳೆಯ ಪರದೆಯಲ್ಲಿ ನೋಡಿ, ತಿದ್ದಿ, ಗಿರಾಕಿಗಳಿಗೆ ಕಳಿಸಿದ ಹಸಿರು ನಿಜವಾಗಿ ಹಸಿರೇ ಆಗಿತ್ತೇ? ಆ ಪರದೆಗೆ ವಯಸ್ಸಾಗಿದೆ. ಅದರಲ್ಲಿ ಗಾಢ ಬಣ್ಣಗಳೆಲ್ಲ ಒಂದೇ ಕಪ್ಪಿನೊಳಗೆ ಮುಳುಗುತ್ತವೆ. ನೀಲಿ ಸೀರೆಯ ಫೋಟೋ ತೆಗೆದು, ಅದನ್ನೇ ಹಸಿರೆಂದು ತಿಳಿದು ಕಳಿಸಿರಬಾರದೇಕೆ?

ಹಾಗಿದ್ದರೆ ಒಪ್ಪಿಕೊಳ್ಳುತ್ತೇನೆ, ಎಂದು ಅವನು ಮನಸ್ಸಿನಲ್ಲೇ ಹೇಳಿಕೊಂಡ. ಆದರೆ ಮೊದಲು ನೋಡುತ್ತೇನೆ. ನೋಡದೆ ಒಪ್ಪುವುದಿಲ್ಲ.

"ಅದನ್ನ ತಗೊ," ಎಂದರು ಪಕ್ಕದಲ್ಲಿ ನಿಂತಿದ್ದ ದೊಡ್ಡಪ್ಪ ಶಿವಶರಣಪ್ಪ, ಎಲ್ಲಕ್ಕಿಂತ ದೊಡ್ಡದಾದ, ಬಿಲ್ಲಿನಂತೆ ಬಾಗಿದ ಪರದೆಯನ್ನು ತೋರಿಸಿ. "ತಗೊಳ್ಳೋದ ಆದ್ರ ಹಂಗ ಇರಬೇಕು. ದೂರಿಂದ ಕಂಡ್ರ ಕಂಡಂಗಾಗಬೇಕು."

"ಅದು ಆಟ ಆಡೋರಿಗ್ರಿ, ದೊಡ್ಡಪ್ಪಾ."

"ಈಗ ನೀ ಮಾಡಾಕತ್ತಿದ್ದು ಏನು ಮತ್ತ?"

ಅಂಗಡಿಯ ಮಾರಾಟದವನು ನಕ್ಕ. ಚೇತನ ನಗಲಿಲ್ಲ. ದೊಡ್ಡಪ್ಪ ಬಟ್ಟೆಯ ಚೀಲವನ್ನು ಕಂಕುಳಲ್ಲಿ ಇನ್ನಷ್ಟು ಒತ್ತಿಕೊಂಡರು. ಚೀಲದೊಳಗೆ ಕಲಬುರಗಿಯಿಂದ ವಾಪಸು ಬಂದ ಸೀರೆಯಿತ್ತು.

ಶಿವಶರಣಪ್ಪನವರದು ಸುಲ್ತಾನ್ ಬಜಾರಿನಲ್ಲಿ ಇಳಕಲ್ ಸೀರೆಗಳ ಅಂಗಡಿ. ತಮ್ಮ ಅಮೃತಪ್ಪ ತೀರಿಕೊಂಡಾಗ ಅವನ ಮಗ ಚೇತನ ಇನ್ನೂ ಶಾಲೆಯಲ್ಲಿದ್ದ. ಮಲ್ಕಾಜ್‌ಗಿರಿಯ ಮನೆಗೆ ಕರೆತಂದು ಬೆಳೆಸಿದವರು ದೊಡ್ಡಪ್ಪ, ದೊಡ್ಡವ್ವ. ಚಿತ್ರಕಲೆ ಓದುತ್ತೇನೆ ಎಂದಾಗ ಬಳಗದವರೆಲ್ಲ, "ಬೋರ್ಡ್ ಬರಿಯಾಕ ಡಿಗ್ರಿ ಯಾಕ ಬೇಕು?" ಎಂದು ನಕ್ಕಿದ್ದರು. "ನಮ್ಮ ಹುಡುಗಗ ಕಣ್ಣೈತಿ, ಓದ್ಲಿ ಬಿಡ್ರಿ," ಎಂದು ಅವರ ಬಾಯಿ ಮುಚ್ಚಿಸಿದವರೂ ದೊಡ್ಡಪ್ಪನೇ. ಆ ಮಾತನ್ನು ಚೇತನ ಮರೆತಿರಲಿಲ್ಲ. ಮರೆಯಲಾಗದ್ದರಿಂದಲೇ ಈಗಿನ ಮಾತು ಹೆಚ್ಚು ಚುಚ್ಚುತ್ತಿತ್ತು.

ಓದು ಮುಗಿದ ಮೇಲೆ ಅಂಗಡಿಯ ಹಿಂದಿನ ಕೋಣೆ ಅವನದಾಯಿತು. ಸೀರೆಗಳ ಫೋಟೋ ತೆಗೆಯುವುದು, ಬಣ್ಣ ಸರಿಪಡಿಸಿ ಊರೂರಿನ ಗಿರಾಕಿಗಳ ಫೋನಿಗೆ ಕಳಿಸುವುದು, ಉಳಿದ ಹೊತ್ತು ಸೀರೆಯಂಚಿನ ಹೊಸ ದಡಿಗಳ ವಿನ್ಯಾಸ ಬರೆಯುವುದು. ಎಳೆ ಎಳೆಯಾಗಿ ಬರೆದು ನೇಕಾರರಿಗೆ ಕೊಡಬೇಕು. ಒಂದು ಎಳೆ ತಪ್ಪಿದರೆ ದಡಿಯುದ್ದಕ್ಕೂ ಅದೇ ತಪ್ಪು ನಡೆಯುತ್ತದೆ. ಹಳೆಯ ಪರದೆಯಲ್ಲಿ ಎಳೆಗಳು ಒಂದರೊಳಗೊಂದು ಕಲೆತು ಕೆಸರಾಗುತ್ತಿದ್ದವು. ಹೊಸದು ಬೇಕೆಂದು ಅವನು ಬಹಳ ದಿನದಿಂದ ಯೋಚಿಸುತ್ತಿದ್ದ.

ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಮಗ್ಗದಿಂದ ಹೊಸ ಗಂಟು ಬಂದ ದಿನ ಒಂದೊಂದು ಸೀರೆಯನ್ನೂ ಹೊಸ್ತಿಲಿಗೆ ಒಯ್ದು ಹಗಲ ಬೆಳಕಿನಲ್ಲಿ ಬಿಚ್ಚಬೇಕು. ಹಿರಿಯರು ಅದರ ಬಣ್ಣದ ಹೆಸರನ್ನು ಗಟ್ಟಿಯಾಗಿ ಹೇಳಬೇಕು. ದಾಳಿಂಬ. ನವಿಲುಗಂಠ. ಬದನಿ. ಶಾಯಿ ನೀಲಿ. ಬಾಟ್ಲಿ ಹಸರು. ಹೇಳಿದ ಮೇಲೆ ಸೀರೆ ಆ ಹೆಸರಿನ ಖಾನೆಗೆ ಹೋಗುತ್ತದೆ. ಮತ್ತೆ ಯಾರೂ ಅದನ್ನು ಬಿಚ್ಚಿ ನೋಡುವುದಿಲ್ಲ. ಹಿರಿಯರ ಬಾಯಿಂದ ಬಂದದ್ದೇ ಅದರ ಬಣ್ಣ. ಶಿವಶರಣಪ್ಪನವರು ಹೊಸ್ತಿಲಲ್ಲಿ ನಿಂತರೆ ಅಕ್ಕಪಕ್ಕದ ಅಂಗಡಿಯವರೂ ತಮ್ಮ ಬಟ್ಟೆ ಹಿಡಿದು ಬರುತ್ತಿದ್ದರು. "ಶಿವಶರಣಪ್ಪಗಾರು, ಇದಿ ಏ ರಂಗು?" ಎಂದು ತೆಲುಗಿನಲ್ಲಿ ಬಣ್ಣ ಕೇಳುತ್ತಿದ್ದರು.

ಹೀಗಿರುವಾಗ ಕಲಬುರಗಿಯ ಉಮಾಬಾಯಿಯವರ ಸೊಸೆಯ ಸೀಮಂತದ ಕುಬಸ ನಿಗದಿಯಾಯಿತು. ಬಸುರಿಗೆ ಕುಬಸದ ದಿನ ಹಸಿರು ಸೀರೆ, ಹಸಿರು ಬಳೆ. ಅದರಲ್ಲಿ ಎರಡನೆಯ ಮಾತಿಲ್ಲ. ಚೇತನ ಬಾಟ್ಲಿ ಹಸಿರಿನ ಸೀರೆಯ ಫೋಟೋ ಕಳಿಸಿದ. ಅವರು ಮೆಚ್ಚಿದರು. ದೊಡ್ಡಪ್ಪ ಹಸಿರು ಖಾನೆಯಿಂದ ತಾವೇ ಆರಿಸಿ, ತಾವೇ ಕಟ್ಟಿ ಕಳಿಸಿದರು. ಮೂರನೆಯ ದಿನ ಫೋನು ಬಂತು.

"ಏನ್ರೀ ಶಿವಶರಣಪ್ಪನವರ, ಕುಬಸಕ್ಕ ಕರಿ ಸೀರಿ ಕಳಸೀರಲ್ಲ! ನಮ್ಮ ಮನಿ ಮ್ಯಾಲ ಏನರ ಸಿಟ್ಟದೇನ್ರಿ ನಿಮ್ದು?"

"ಕರಿ ಸೀರಿ? ಇಲ್ರೀ ತಾಯಿ, ಬಾಟ್ಲಿ ಹಸರ ಕಳಸೀನಿ."

"ನಮಗ ಕಣ್ಣಿಲ್ಲೇನ್ರಿ? ನಮ್ಮ ನೆಗೆಣ್ಣಿ ನೀಲಿ ಅಂತಾಳ, ನಾ ಕರಿ ಅಂತೀನಿ. ಹಸರ ಅನ್ನೋರು ಒಬ್ಬರೂ ಇಲ್ಲ. ಫೋಟೋದಾಗ ತೋರಿಸಿದ್ದೊಂದು, ಕಳಸಿದ್ದೊಂದು."

ಸೀರೆ ವಾಪಸು ಬಂತು. ಮುಸ್ಸಂಜೆ ಟ್ಯೂಬ್‌ಲೈಟಿನ ಕೆಳಗೆ ಬಿಚ್ಚಿ ನೋಡಿದ ದೊಡ್ಡಪ್ಪ, "ಹಸರ ಐತಿ," ಎಂದರು. "ಫೋಟೋದಾಗ ಬ್ಯಾರೆ ತೋರಿಸಿದಿ ನೀ. ನಿನ್ನ ಪರದಿ ತಪ್ಪೈತಿ." ಮರುದಿನ ಬೆಳಿಗ್ಗೆ ಚೇತನ ಒಬ್ಬನೇ ಅದನ್ನು ಹೊಸ್ತಿಲಿಗೆ ಒಯ್ದ. ಶಾಯಿ ನೀಲಿ. ಅನುಮಾನವೇ ಇರಲಿಲ್ಲ. ದೊಡ್ಡಪ್ಪ ಅಂಗಡಿಯ ಮರ್ಯಾದೆಗಾಗಿ ಹಟ ಹಿಡಿದಿದ್ದಾರೆ ಎಂದುಕೊಂಡ.

"ಉಮಾಬಾಯಿಯವ್ರಿಗೆ ಫೋನ್ ಮಾಡಿ ತಪ್ಪಾತು ಅನ್ನು," ಎಂದರು ದೊಡ್ಡಪ್ಪ. "ಹುಡುಗರ ತಪ್ಪಂದ್ರ ಯಾರೂ ಮನಸಿಗೆ ಹಚ್ಕೊಳ್ಳಂಗಿಲ್ಲ."

"ತಪ್ಪು ಎಲ್ಲಾಗೇತಿ ನೋಡದ ಅನ್ನಂಗಿಲ್ರಿ."

"ಮೂರು ಅಕ್ಷರದ ಮಾತಿಗೆ ಇಷ್ಟು ಬಿಗುಮಾನ?"

"ಬ್ಯಾರೆ ಯಾವ ಮಾತಿಗರ ಅಂತೀನ್ರಿ. ಬಣ್ಣದ ಮಾತಿಗೆ ಅನ್ನಂಗಿಲ್ಲ."

ಅದು ಬಿಗುಮಾನವೇ ಎಂದು ಅವನೂ ಹಲವು ಸಲ ಕೇಳಿಕೊಂಡಿದ್ದ. ಬಣ್ಣ ನೋಡುವುದು ಬಿಟ್ಟರೆ ತನಗೆ ಇರುವುದೇನು? ಅದರಲ್ಲೇ ಸುಳ್ಳು ಒಪ್ಪಿಕೊಂಡರೆ ನಾಳೆ ಹಿಂದಿನ ಕೋಣೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಯಾರು ಬೆಲೆ ಕೊಡುತ್ತಾರೆ? ದೊಡ್ಡಪ್ಪ ಆಗಲೇ ಹೇಳಿಬಿಟ್ಟಿದ್ದರು: ಇನ್ನೊಮ್ಮೆ ಹೀಗಾದರೆ ಫೋಟೋದ ವ್ಯವಹಾರ ಬಂದ್, ನೀನು ಮುಂದೆ ಬಂದು ಗಾದಿಯ ಮೇಲೆ ಕೂತು ಸೀರೆ ಮಡಚು. ದಡಿ ಬರೆಯುವುದೂ ಅದರೊಂದಿಗೆ ಮುಗಿದಂತೆಯೇ.

ಅದಕ್ಕೇ ಅವನು ತಾನು ಕೂಡಿಟ್ಟುಕೊಂಡ ಹಣದಲ್ಲೇ ಪರದೆ ತರುತ್ತೇನೆ ಎಂದು ಹೊರಟ. ದೊಡ್ಡಪ್ಪನೂ ಚಪ್ಪಲಿ ಮೆಟ್ಟಿದರು. "ನಮ್ಮ ಅಂಗಡಿಯೊಳಗ ಬರೋ ಸಾಮಾನು ನಾ ನೋಡದ ಬರಂಗಿಲ್ಲ." ಮೆಟ್ರೋದಲ್ಲಿ ಇಬ್ಬರೂ ಎದುರುಬದುರಾಗಿ ಕೂತರು. ಪಾರ್ಕ್‌ಲೇನಿನ ಈ ಮಾನಿಟರ್ ಅಂಗಡಿಗೆ ಬಂದದ್ದು ಹೀಗೆ.

"ಗೇಮಿಂಗ್ ಕೂ ಹೋನಾ ಕ್ಯಾ, ಆಫೀಸ್ ಕೂ?" ಆಟಕ್ಕೋ ಆಫೀಸಿಗೋ ಎಂದು ಮಾರಾಟದವನು ಕೇಳಿದ.

"ಫೋಟೋ ಕಾ ಕಾಮ್ ಹೈ ಭಾಯ್. ಡಿಸೈನ್ ಕಾ. ರಂಗ್ ಸಹೀ ದಿಖನಾ." ಬಣ್ಣ ಸರಿಯಾಗಿ ಕಾಣಬೇಕು ಎಂದ ಚೇತನ.

"ಬಡಾ ವಾಲಾ ದಿಖಾವೋ ಜೀ," ಎಂದರು ದೊಡ್ಡಪ್ಪ, ಮತ್ತೆ ಆ ದೊಡ್ಡದರತ್ತಲೇ ಕೈ ತೋರಿಸಿ.

ಚೇತನ ಮೂಲೆಯಲ್ಲಿದ್ದ ಇನ್ನೊಂದರ ಮುಂದೆ ನಿಂತ. ಇಪ್ಪತ್ತೇಳು ಇಂಚು, ಫೋರ್ ಕೆ, ಹೊಳಪಿಲ್ಲದ ಮೈ. ಬಾಗಿದ ದೊಡ್ಡ ಪರದೆಗಿಂತ ಚಿಕ್ಕದಾದರೂ ಇದರಲ್ಲಿ ಚುಕ್ಕಿಗಳು ಹೆಚ್ಚು, ಒತ್ತೊತ್ತು. ಎಳೆಗಳು ಬಿಡಿಬಿಡಿಯಾಗಿ ಕಾಣುವುದು ಅದರಿಂದಲೇ. ಕಾರ್ಖಾನೆಯಲ್ಲಿ ಬಣ್ಣ ಅಳೆದು ಹೊಂದಿಸಿದ್ದೆಂಬ ಚೀಟಿ ಡಬ್ಬಿಯೊಳಗಿರುತ್ತದೆ ಎಂದು ಓದಿದ್ದ. ಓದಿದ್ದು ಬೇರೆ, ನೋಡುವುದು ಬೇರೆ. ಬಾಗಿದ ಪರದೆಯ ಪಕ್ಕದಲ್ಲಿ ಇದು ಉಪ್ಪಿಲ್ಲದ ಸಾರಿನಂತಿತ್ತು. ಅವನೇ ಒಂದು ಕ್ಷಣ ಹಿಂಜರಿದ. ಈ ಮಂಕುತನವೇ ಸತ್ಯವೋ, ಅಥವಾ ಸತ್ಯವೆಂದರೆ ಮಂಕಾಗಿರಬೇಕೆಂದು ತಾನೇ ನಂಬಿಕೊಂಡಿದ್ದಾನೋ?

"ಬೆಳಕು ಕಡಿಮೆ ಮಾಡು ಭಾಯ್, ಎರಡರದೂ," ಎಂದು ಅವನು ಹಿಂದಿಯಲ್ಲಿ ಕೇಳಿದ. "ಮನೆಯಲ್ಲಿ ಯಾರೂ ಇಷ್ಟು ಬೆಳಕಿನಲ್ಲಿ ಕೂರುವುದಿಲ್ಲ."

ಬೆಳಕು ಇಳಿಯಿತು. ಬಾಗಿದ ಪರದೆಯ ಗಿಳಿ ತಟ್ಟನೆ ಸೊರಗಿತು. ಚಿಕ್ಕದರಲ್ಲಿ ಗಿಳಿ ಇದ್ದಂತೆಯೇ ಇತ್ತು.

ಚೇತನ ಪೆನ್‌ಡ್ರೈವ್ ಕೊಟ್ಟ. ಅದರಲ್ಲಿ ಎರಡು ಫೋಟೋಗಳಿದ್ದವು. ಒಂದು ಉಮಾಬಾಯಿಯವರಿಗೆ ಕಳಿಸಿದ್ದು. ಇನ್ನೊಂದು ವಾಪಸು ಬಂದ ಸೀರೆಯನ್ನು ಹೊಸ್ತಿಲಲ್ಲಿಟ್ಟು ತೆಗೆದದ್ದು. ಎರಡನ್ನೂ ಅಕ್ಕಪಕ್ಕ ತೆರೆಯಲು ಹೇಳಿದ. ಎರಡೂ ಒಂದೇ ಬಣ್ಣವಾದರೆ ತಾನು ನೀಲಿಯನ್ನೇ ಹಸಿರೆಂದು ತೋರಿಸಿದಂತೆ. ಆಗ ಇಲ್ಲೇ, ಈ ಗಿಳಿಗಳ ಮುಂದೆಯೇ, ತಪ್ಪಾಯಿತು ಎನ್ನುವುದು.

ಚಿತ್ರಗಳು ತೆರೆದುಕೊಂಡವು.

ಎಡಗಡೆಯದು ಹಸಿರು. ಬಾಳೆಲೆಯ ಕೆಳಗಿನ ನೆರಳಿನಂಥ, ಆಳದಲ್ಲಿ ಬೆಳಕಿಟ್ಟುಕೊಂಡ ಹಸಿರು. ಒಡಲಿನ ಎಳೆಗಳು ಒಂದೊಂದೂ ಎಣಿಸುವಂತೆ ನಿಂತಿದ್ದವು. ಒಡಲಿಗೆ ಕೆಂಪು ಸೆರಗು ಕೊಂಡಿ ಹಾಕಿ ಕೂಡಿಸಿದ ಜಾಗದಲ್ಲಿ ಪುಟ್ಟ ಪುಟ್ಟ ಕುಣಿಕೆಗಳು ಕಂಡವು. ಅವನ್ನು ಪರದೆಯ ಮೇಲೆ ಅವನು ಎಂದೂ ಕಂಡಿರಲಿಲ್ಲ. ಬಲಗಡೆಯದು ಶಾಯಿ ನೀಲಿ, ಮಸಿಕುಡಿಕೆಯೊಳಗೆ ಬಗ್ಗಿ ನೋಡಿದಂತೆ. ಎರಡರ ನಡುವೆ ಒಂದು ಊರಿನಷ್ಟು ಅಂತರವಿತ್ತು.

ಫೋಟೋ ಸರಿಯಾಗಿತ್ತು. ಅವನ ಹಳೆಯ, ಕೆಟ್ಟ ಪರದೆಯಲ್ಲೂ ಅವನ ಕಣ್ಣು ಸರಿಯಾಗಿಯೇ ಆರಿಸಿತ್ತು. ಎದೆಯಲ್ಲಿ ಏನೋ ನೆಟ್ಟಗಾಯಿತು. ತಿರುಗಿ ದೊಡ್ಡಪ್ಪನನ್ನು ನೋಡಿದ. ಈಗ ಹೇಳಲಿ, ಈಗ ಏನು ಹೇಳುತ್ತಾರೆ.

ದೊಡ್ಡಪ್ಪ ಪರದೆಯ ಹತ್ತಿರ ಬಗ್ಗಿದರು. ಕನ್ನಡಕ ಏರಿಸಿದರು, ಇಳಿಸಿದರು.

"ಒಂದ ಸೀರಿದು ಎರಡು ಫೋಟೋ ಯಾಕ ಹಚ್ಚಿಯೋ?" ಎಂದರು.

ಹಟ ಹಿಡಿದವರ ದನಿ ಅದಾಗಿರಲಿಲ್ಲ. ನಿಜವಾಗಿ ಕೇಳುವವರ ದನಿ.

"ಎರಡೂ ಹಸರ ಅದಾವು," ಎಂದರು ದೊಡ್ಡಪ್ಪ. "ಬಲಗಡೀದು ಚೂರು ಕಪ್ಪಾಗಿ. ಇದ ನೋಡು ನಾ ಹೇಳಿದ್ದು. ಈ ಪರದಿಯೊಳಗ ಬಣ್ಣಾನ ಇಲ್ಲ. ಸತ್ತ ಹೋಗ್ಯಾವು."

ಆಗ ಅವನಿಗೆ ಒಂದೊಂದಾಗಿ ನೆನಪಾದವು. ಈ ವರ್ಷ ಅಂಗಡಿಯ ಟ್ಯೂಬ್‌ಲೈಟುಗಳನ್ನು ದೊಡ್ಡಪ್ಪ ಮತ್ತೆ ಮತ್ತೆ ಬದಲಾಯಿಸಿದ್ದರು. "ಈಗಿನವು ಎಲ್ಲಾ ಹಳದಿ," ಎನ್ನುತ್ತಿದ್ದರು. ಧೋತ್ರ ಸರಿಯಾಗಿ ಒಗೆಯುವುದಿಲ್ಲ, ಹಳದಿ ಬಿದ್ದಿವೆ ಎಂದು ದೊಡ್ಡವ್ವನ ಮೇಲೆ ದಿನವೂ ರೇಗುತ್ತಿದ್ದರು. ದೊಡ್ಡವ್ವ ಬಕೆಟಿಗೆ ನೀಲಿ ಹಾಕಿದರು, ಇನ್ನಷ್ಟು ಹಾಕಿದರು. ಒಂದು ದಿನ ಜಗಳ ನಿಂತಿತು. ಚೇತನ ದೊಡ್ಡಪ್ಪನ ಧೋತ್ರವನ್ನು ನೋಡಿದ. ಅಂಗಡಿಯ ಬೆಳ್ಳನೆ ಬೆಳಕಿನಲ್ಲಿ ಅದು ಆಕಾಶದ ಬಣ್ಣಕ್ಕಿತ್ತು. ಅದನ್ನು ಉಟ್ಟು, ಬೆಳ್ಳಗಿದ್ದೇನೆಂದು ನಂಬಿ, ಅವರು ಊರೆಲ್ಲ ತಿರುಗುತ್ತಿದ್ದರು.

ಮಾರಾಟದವನಿಗೆ ನಗು ತಡೆಯಲಾಗಲಿಲ್ಲ. "ಕ್ಯಾ ಸಾಬ್, ಆಪ್ ಭೀ! ಯೇ ತೊ ಹರಾ ಹೈ, ಔರ್ ವೋ—"

"ಭಾಯ್," ಎಂದ ಚೇತನ, ಅವನ ಮಾತಿನ ಮೇಲೆಯೇ. ದನಿ ತನಗೇ ಗೊತ್ತಿಲ್ಲದಷ್ಟು ಗಟ್ಟಿಯಾಗಿತ್ತು. "ಬಸ್. ಯೇಹೀಚ್ ಪ್ಯಾಕ್ ಕರೋ."

ಮಾರಾಟದ ಹುಡುಗ ಇಬ್ಬರ ಮುಖವನ್ನೂ ನೋಡಿ ಬಾಯಿ ಮುಚ್ಚಿದ. ಚೇತನ ಕೈ ಚಾಚಿ ಪೆನ್‌ಡ್ರೈವ್ ಕಿತ್ತುಕೊಂಡ. ಹಸಿರೂ ನೀಲಿಯೂ ಒಟ್ಟಿಗೆ ಮಾಯವಾಗಿ ಗಿಳಿ ಮರಳಿ ಬಂತು.

"ಇದನ್ನ ತಗೋತಿ?" ದೊಡ್ಡಪ್ಪನಿಗೆ ನಂಬಲಾಗಲಿಲ್ಲ. "ಕಣ್ಣ ಮುಂದ ಕೆಟ್ಟಿದ್ದು ಕಂಡು ತಗೋತಿ?"

"ಹೌದ್ರಿ."

"ಎರಡು ಬಣ್ಣ ಒಂದ ತೋರಸಾಕತ್ತೈತಿ!"

"ತೋರಸ್ಲಿ ಬಿಡ್ರಿ. ನಾ ಇದನ್ನ ತಗೋತೀನಿ."

"ಹುಚ್ಚ. ಡಿಗ್ರಿ ತಗೊಂಡ ಹುಚ್ಚ. ಫೋನ್ ಮಾಡಿ ತಪ್ಪಾತು ಅನ್ನು ಅಂದ್ರ ಅನ್ನವಲ್ಲಿ, ಕೆಟ್ಟ ಸಾಮಾನು ಹೊತ್ಕೊಂಡು ಬರ್ತಿ. ಏನ್ ಸಾಧಸ್ತಿ ಇದರಾಗ?"

ಚೇತನ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ನಿಮ್ಮ ಕಣ್ಣಿಗೆ ನೀಲಿ ಕಾಣುತ್ತಿಲ್ಲ ಎಂಬ ಒಂದೇ ಮಾತು ಸಾಕಿತ್ತು. ಆ ಮಾತು ಆಡಿದರೆ ಅವನು ಗೆಲ್ಲುತ್ತಿದ್ದ, ಸಂಜೆಯೊಳಗೆ ಬಜಾರಿನಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು, ನಾಳೆಯಿಂದ ಯಾರೂ ಬಟ್ಟೆ ಹಿಡಿದು ಹೊಸ್ತಿಲಿಗೆ ಬರುತ್ತಿರಲಿಲ್ಲ. ಅಂಥ ಗೆಲುವು ಅವನಿಗೆ ಬೇಡವಾಗಿತ್ತು. ಹಾಗೆಂದು ತಪ್ಪನ್ನು ಹೊರುವುದೂ ಬೇಡವಾಗಿತ್ತು. ಈ ಎರಡೂ ಬೇಡಗಳನ್ನು ಡಬ್ಬಿಯ ಜೊತೆಗೆ ಹೊತ್ತುಕೊಂಡು ಅವನು ಮೆಟ್ಟಿಲಿಳಿದ.

ಮರುದಿನ ಉಮಾಬಾಯಿಯವರಿಗೆ ಬೇರೆ ಸೀರೆ ಕಳಿಸಬೇಕಿತ್ತು. ಸೋಮವಾರ ಕುಬಸ. ಅಂಗಡಿಯಲ್ಲಿ ಇಬ್ಬರು ಗಿರಾಕಿ ಹೆಂಗಸರಿದ್ದರು. ಎದುರಿನ ಬಳೆ ಅಂಗಡಿಯಾತ ಚಹಾ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ. ದೊಡ್ಡಪ್ಪ ಹಸಿರು ಖಾನೆಯಿಂದ ಒಂದು ಸೀರೆ ತೆಗೆದು ಹೊಸ್ತಿಲಿಗೆ ಒಯ್ದು, ಸೆರಗು ಬಿಚ್ಚಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಬಾಟ್ಲಿ ಹಸರು. ಇದನ್ನ ಕಟ್ಟು."

ಶಾಯಿ ನೀಲಿ. ವಾಪಸು ಬಂದ ಸೀರೆಯ ಗಂಟಿನಲ್ಲೇ ಬಂದಿದ್ದ ಇನ್ನೊಂದು.

ಬಳೆ ಅಂಗಡಿಯಾತ ಕಣ್ಣು ಕಿರಿದು ಮಾಡಿದ. ಆದರೆ ಏನೂ ಹೇಳಲಿಲ್ಲ. ಶಿವಶರಣಪ್ಪನವರು ಹೇಳಿದ ಮೇಲೆ ತನ್ನ ಕಣ್ಣನ್ನೇ ಅನುಮಾನಿಸುವುದು ಆ ಓಣಿಯ ರೂಢಿ.

ಚೇತನ ಹಿಂದಿನ ಕೋಣೆಯಿಂದ ಹೊರಗೆ ಬಂದ. "ಇದು ಹೋಗಂಗಿಲ್ರಿ," ಎಂದ.

"ಏನಂದಿ?"

"ಇದು ಕಲಬುರಗಿಗೆ ಹೋಗಂಗಿಲ್ಲ ಅಂದ್ನಿರಿ."

ಹೆಂಗಸರು ಸೀರೆ ಮುಟ್ಟುವುದನ್ನು ನಿಲ್ಲಿಸಿದರು. ಈ ಅಂಗಡಿಯ ಹೊಸ್ತಿಲಲ್ಲಿ ಹಿರಿಯರು ಹೇಳಿದ ಹೆಸರಿಗೆ ಯಾರೂ ಇದುವರೆಗೆ ಎದುರಾಡಿರಲಿಲ್ಲ. ಚೇತನನ ಅಪ್ಪನೂ ಆಡಿರಲಿಲ್ಲ.

"ಯಾಕ ಹೋಗಂಗಿಲ್ಲ?" ದೊಡ್ಡಪ್ಪನ ದನಿ ತಗ್ಗಿತು. ಅವರ ಸಿಟ್ಟು ಏರುವುದು ದನಿ ತಗ್ಗಿದಾಗಲೇ. "ಹೇಳು. ಎಲ್ಲಾರ ಮುಂದ ಹೇಳು. ಏನ್ ಕಂಡಿ ಇದರಾಗ?"

ಓಣಿಯ ಬಿಸಿಲು ಸೀರೆಯ ಮೇಲೆ ಬಿದ್ದಿತ್ತು. ದೊಡ್ಡಪ್ಪನ ಧೋತ್ರದ ಮೇಲೂ ಬಿದ್ದಿತ್ತು. ಎರಡೂ ನೀಲಿ, ಒಂದು ಆಳ, ಒಂದು ತೆಳು. ಚೇತನ ಎರಡನ್ನೂ ನೋಡಿ ಕಣ್ಣು ಬೇರೆಡೆಗೆ ತಿರುಗಿಸಿದ.

"ನನ್ನ ಪರದಿ ಒಪ್ಪಂಗಿಲ್ರಿ," ಎಂದ.

"ನಿನ್ನ ಕೆಟ್ಟ ಪರದಿ?"

"ಹೌದ್ರಿ. ಆ ಕೆಟ್ಟ ಪರದಿ ಒಪ್ಪಂಗಿಲ್ಲ."

ಬಳೆ ಅಂಗಡಿಯಾತ ಫಕ್ಕನೆ ನಕ್ಕ. "ಏಮಯ್ಯಾ, ಪೆದ್ದಾಯನ ಮಾಟಕಂಟೇ ಟೀವೀ ಮಾಟ ಎಕ್ಕುವಾ?" ಹಿರಿಯರ ಮಾತಿಗಿಂತ ಟೀವಿಯ ಮಾತು ಹೆಚ್ಚಾಯಿತೇ ಎಂಬ ಕುಹಕ ಅದು. ಚೇತನ ದೊಡ್ಡಪ್ಪನ ಕೈಯಿಂದ ಸೀರೆಯನ್ನು ತೆಗೆದುಕೊಂಡ. ಕಸಿದುಕೊಳ್ಳಲಿಲ್ಲ, ಆದರೆ ಬಿಡದೆ ತೆಗೆದುಕೊಂಡ. ಒಳಗೆ ಹೋಗಿ ಹಸಿರು ಖಾನೆಯಲ್ಲಿ ಹುಡುಕಿ ಫೋಟೋದಲ್ಲಿದ್ದ ಸೀರೆಯನ್ನೇ ತಂದ. ಹೊಸ್ತಿಲಲ್ಲಿ ನಿಂತು ಬಿಚ್ಚಿದ. ಬಣ್ಣದ ಹೆಸರನ್ನು ಹೇಳಲಿಲ್ಲ. ಹೇಳುವುದು ಅವನ ಹಕ್ಕಾಗಿರಲಿಲ್ಲ, ಆ ಹಕ್ಕು ಕಸಿಯಲು ಅವನು ಬಂದೂ ಇರಲಿಲ್ಲ. ಮಡಚಿ, ಕಾಗದದಲ್ಲಿ ಸುತ್ತಿ, ದಾರ ಬಿಗಿದ.

"ಈ ಸೀರಿ ತಪ್ಪಂತ ಫೋನ್ ಬಂದ್ರ," ಎಂದರು ದೊಡ್ಡಪ್ಪ, "ನಾಳಿಂದ ನಿನ್ನ ಕೋಣಿಗೆ ಬೀಗ."

"ಹಾಕ್ರಿ," ಎಂದ ಚೇತನ.

ಭಾನುವಾರ ಮಧ್ಯಾಹ್ನ ಮಲ್ಕಾಜ್‌ಗಿರಿಯ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಫೋನು ಬಂತು. ದೊಡ್ಡಪ್ಪನ ಕೈ ಎಂಜಲಾಗಿತ್ತು. ದೊಡ್ಡವ್ವ ಗಿರಿಜಾಬಾಯಿ ಸ್ಪೀಕರ್ ಒತ್ತಿ ತಾಟಿನ ಪಕ್ಕಕ್ಕಿಟ್ಟರು. ಚೇತನ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಹಿಂದಿನ ಕೋಣೆಯ ಬೀಗ ಆ ಫೋನಿನೊಳಗಿತ್ತು.

"ಶರಣ್ರೀ ಶಿವಶರಣಪ್ಪನವರ!" ಉಮಾಬಾಯಿಯವರ ದನಿ ಹಿಗ್ಗಿತ್ತು. "ಎಂಥಾ ಹಸರ ಕಳಸೀರ್ರಿ! ನಮ್ಮ ಸೊಸಿ ಮೈಮ್ಯಾಲ ಹಾಕ್ಕೊಂಡು ಕನ್ನಡಿ ಬಿಟ್ಟು ಬರವಲ್ಲಳು. ಫೋಟೋದಾಗ ಹೆಂಗದ ಹಂಗೇ ಅದ."

"ಆತ್ರಿ ತಾಯಿ. ಚೊಲೋ ಆತು."

"ಈ ಸಲ ನೀವೇ ಆರಿಸೀರಿ, ಗೊತ್ತಾಗ್ತದ. ಹಳೀ ಕಣ್ಣು ಹಳೀ ಕಣ್ಣೇ. ಇನ್ಮ್ಯಾಲ ಆ ಹುಡುಗನ ಮ್ಯಾಲ ಬಿಡಬ್ಯಾಡ್ರಿ ನೋಡ್ರಿ. ಓದಿದ ಹುಡುಗ್ರಿಗೆ ಇದೆಲ್ಲಾ ಏನ್ ತಿಳೀತದ?"

ಚೇತನ ಪುಂಡಿಪಲ್ಯದ ಮೇಲೆ ಎಣ್ಣೆ ಹಾಕಿಕೊಂಡ. ದೊಡ್ಡಪ್ಪ ಅವನನ್ನು ನೋಡುತ್ತಿದ್ದರು. ಅವನು ತಲೆಯೆತ್ತಲಿಲ್ಲ. ಹೇಳಲಿ ಎಂದು ಅವರು ಕಾಯುತ್ತಿದ್ದಾರೆಂದು ಅವನಿಗೆ ಗೊತ್ತಿತ್ತು. ಕಾಯಲಿ. ಸುಮ್ಮನಿರುವುದೂ ಒಂದು ಉತ್ತರವೇ, ಎಲ್ಲರೂ ಅದನ್ನು ಸೋಲು ಎಂದು ಓದಿದರೂ.

"ಹಂಗ ಆಗ್ಲಿರಿ," ಎಂದು ದೊಡ್ಡಪ್ಪ ಫೋನಿನ ಕಡೆಗೆ ಹೇಳಿದರು. ಉಮಾಬಾಯಿಯವರು ಕುಬಸಕ್ಕೆ ಬರಲೇಬೇಕೆಂದು ಇನ್ನೊಮ್ಮೆ ಹೇಳಿ ಫೋನು ಇಟ್ಟರು.

ದೊಡ್ಡಪ್ಪ ಊಟ ಮುಂದುವರಿಸಲಿಲ್ಲ. ತಮ್ಮ ಮೊಳಕಾಲ ಮೇಲಿನ ಧೋತ್ರವನ್ನು ಎಡಗೈಯಲ್ಲಿ ಹಿಡಿದು ಕಿಟಕಿಯ ಕಡೆಗೆ ಎತ್ತಿದರು. ಅಂಗಡಿಯ ಹೊಸ್ತಿಲಲ್ಲಿ ಸೆರಗು ಎತ್ತುವಂತೆಯೇ.

"ಏನೇ," ಎಂದರು ಹೆಂಡತಿಗೆ. "ಇದು ಯಾವ ಬಣ್ಣ?"

ಗಿರಿಜಾಬಾಯಿ ಚೇತನನ ಮುಖ ನೋಡಿದರು. ಅವನು ಗೋಡೆ ನೋಡಿದ.

"ನೀವ ಬೆಳ್ಳಗಾಗಬೇಕು ಅಂದ್ರಿ," ಎಂದರು ಆಕೆ. "ಆಗೂತನಕಾ ಹಾಕಿದೆ."

"ಬಣ್ಣ ಕೇಳಾಕತ್ತೀನಿ."

"ನೀಲಿ ಐತ್ರಿ."

"ಭಾಳ?"

"ಭಾಳ."

ದೊಡ್ಡಪ್ಪ ಧೋತ್ರ ಬಿಟ್ಟರು. "ಬಜಾರಿನ ಮಂದಿ ಎಲ್ಲಾ ನೋಡ್ಯಾರ," ಎಂದರು. ಹೆಂಡತಿಯ ಕಡೆ ತಿರುಗಿ, "ನೀ ಯಾಕ ಹೇಳ್ಲಿಲ್ಲ?" ಎಂದರು.

"ನೀವು ಕೇಳಲಿಲ್ಲ," ಎಂದರು ಗಿರಿಜಾಬಾಯಿ, ಮಜ್ಜಿಗೆ ಬಡಿಸುತ್ತ. "ಇವತ್ತ ಕೇಳಿದ್ರಿ, ಹೇಳಿದೆ."

ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದವರು ಆಕೆಯೇ. ಬಜಾರಿನಲ್ಲಿ, ಕನ್ನಡಕದ ನಂಬರ್ ಬದಲಾಯಿಸಲು ಹೋಗಿದ್ದಾರೆ ಎಂದು ಹೇಳಲಾಯಿತು. ಚೇತನನೂ ಕೇಳಿದವರಿಗೆಲ್ಲ ಅದನ್ನೇ ಹೇಳಿದ. ಒಂದು ಕಣ್ಣಿನ ಪೊರೆ ತೆಗೆದರು, ಕೆಲವು ವಾರ ಬಿಟ್ಟು ಇನ್ನೊಂದರದು. ಆ ದಿನಗಳಲ್ಲಿ ಹೊಸ ಗಂಟು ಬಂದರೂ ಅವನು ಬಿಚ್ಚಲಿಲ್ಲ. ಗಿರಾಕಿಗಳು ಕೇಳಿದರೆ, "ಹಿರಿಯರು ಬಂದು ಹೆಸರು ಹೇಳಬೇಕ್ರಿ," ಎಂದ. ಹಿಂದಿನ ಕೋಣೆಯಲ್ಲಿ ಕೂತು ಹೊಸ ಪರದೆಯ ಮೇಲೆ ಎಳೆ ಎಳೆಯಾಗಿ ಒಂದು ದಡಿ ಬರೆದ. ಅಂಥ ದಡಿ ಅವನು ಮೊದಲು ಬರೆದಿರಲಿಲ್ಲ. ಬರೆಯಲು ಕಣ್ಣಿತ್ತು, ಪರದೆ ಇರಲಿಲ್ಲ.

ದೊಡ್ಡಪ್ಪ ಅಂಗಡಿಗೆ ಮರಳಿದ ದಿನ ಕಪ್ಪು ಕನ್ನಡಕ ಹಾಕಿದ್ದರು. ಧೋತ್ರ ಹೊಸದು, ಅಂಗಡಿಯಿಂದ ತಂದ ಬಿಳಿ ಹಾಗೆಯೇ ಇತ್ತು. ಗಾದಿಯ ಮೇಲೆ ಕೂರಲಿಲ್ಲ. ನೇರ ಹಿಂದಿನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತರು.

"ಅವತ್ತ ಪಾರ್ಕ್‌ಲೇನಿನಾಗ ಹಚ್ಚಿದ್ದಿಯಲ್ಲ," ಎಂದರು, "ಆ ಎರಡು ಫೋಟೋ ತೆಗಿ."

ಚೇತನ ತೆರೆದ. ದೊಡ್ಡಪ್ಪ ಕಪ್ಪು ಕನ್ನಡಕ ತೆಗೆದರು. ಕಣ್ಣುಗಳು ನೀರಾಡುತ್ತಿದ್ದವು, ಅದು ಔಷಧಿಯದೂ ಇರಬಹುದು. ಎಡಗಡೆಯದನ್ನು ನೋಡಿದರು. ಬಲಗಡೆಯದನ್ನು ನೋಡಿದರು. ಮತ್ತೆ ಎಡಗಡೆಯದನ್ನು. ಬಜಾರಿನ ಗದ್ದಲ ಗೋಡೆಯಾಚೆ ಎಲ್ಲೋ ದೂರದಲ್ಲಿದ್ದಂತಿತ್ತು.

"ರಿಪೇರಿ ಮಾಡ್ಸಿದೇನು ಇದನ್ನ?"

"ಇಲ್ರಿ."

"ಮತ್ತ ತಾನ ಸುಧಾರಿಸ್ತು?"

ಚೇತನ ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದ.

"ಹಟಮಾರಿ," ಎಂದರು ದೊಡ್ಡಪ್ಪ. "ನಿಮ್ಮಪ್ಪನೂ ಇಷ್ಟ ಇದ್ದಿಲ್ಲ." ಪರದೆಯ ಅಂಚನ್ನು ಧೋತ್ರದ ತುದಿಯಿಂದ ಒರೆಸಿದರು, ಅಲ್ಲಿ ಧೂಳಿರಲಿಲ್ಲ. "ಆ ಮೂಲ್ಯಾಗ ಏನೋ ಬರದೀಯಲ್ಲ, ಆ ದಡಿ. ಅದನ್ನ ಇಳಕಲ್ಲಿಗೆ ಕಳಸು."

ಎದ್ದು ಹೊರಗೆ ಹೋದರು. ಹಸಿರು ಖಾನೆಯಿಂದ ಒಂದೊಂದಾಗಿ ಸೀರೆ ತೆಗೆದು ನೋಡತೊಡಗಿದರು. ಕಲಬುರಗಿಯಿಂದ ವಾಪಸು ಬಂದದ್ದು ಕೈಗೆ ಸಿಕ್ಕಾಗ ನಿಂತರು. ಅದನ್ನು ಹೊಸ್ತಿಲಿಗೆ ಒಯ್ದು ಹಗಲ ಬೆಳಕಿನಲ್ಲಿ ಬಿಚ್ಚಿದರು.

"ಶಾಯಿ ನೀಲಿ," ಎಂದರು ಗಟ್ಟಿಯಾಗಿ. ಎದುರಿನ ಬಳೆ ಅಂಗಡಿಯಾತ ತಲೆಯೆತ್ತಿ ನೋಡಿದ. ದೊಡ್ಡಪ್ಪ ಅವನನ್ನೇ ದಿಟ್ಟಿಸಿ ಇನ್ನೊಮ್ಮೆ ಹೇಳಿದರು. "ಶಾಯಿ ನೀಲಿ." ಮಡಚಿ, ಒಳಗೆ ಬಂದು, ತಮ್ಮ ಕೈಯಿಂದಲೇ ನೀಲಿ ಖಾನೆಯಲ್ಲಿಟ್ಟರು.

ಚೇತನಕುಮಾರ ಬಾಗಿಲಲ್ಲಿ ನಿಂತು ನೋಡಿದ. ತಪ್ಪಾಯಿತೆಂದು ಅವನು ಯಾರಿಗೂ ಹೇಳಲಿಲ್ಲ. ಆ ಸೀರೆ ಕಟ್ಟಿ ಕಳಿಸಿದ್ದು ನೀವೇ ಎಂದು ದೊಡ್ಡಪ್ಪನಿಗೂ ಹೇಳಲಿಲ್ಲ.